ಒಂದೇ ಮಣ್ಣು, ಮೂರು ಉರಿ: ಅಥೆನ್ಸ್‌ನ ಕರಿ ಹೊಳಪಿನ ಬಟ್ಟಲುಗಳು

ಪ್ರಾಚೀನ ಗ್ರೀಕರ ಪಾತ್ರೆಗಳನ್ನು ಚಿತ್ರದಲ್ಲಾದರೂ ಕಂಡವರಿಗೆ ಅವುಗಳ ಎರಡು ಬಣ್ಣ ನೆನಪಿನಲ್ಲಿ ಉಳಿದಿರುತ್ತವೆ. ಒಂದು ಕಿತ್ತಳೆ ಛಾಯೆಯ ಕೆಂಪು, ಇನ್ನೊಂದು ಮಿರುಗುವ ಕಪ್ಪು. ಈ ಕಪ್ಪನ್ನು ಬಣ್ಣ ಎಂದುಕೊಳ್ಳುವವರೇ ಹೆಚ್ಚು. ಸ್ವಲ್ಪ ತಿಳಿದವರು ಗ್ಲೇಜ್ ಎನ್ನುತ್ತಾರೆ, ವಸ್ತುಸಂಗ್ರಹಾಲಯಗಳ ಹಳೆಯ ಫಲಕಗಳೂ ಹಾಗೇ ಹೇಳುತ್ತವೆ. ಎರಡೂ ಸರಿಯಲ್ಲ. ಇಂದಿನ ಪಿಂಗಾಣಿ ಬಟ್ಟಲಿನ ಮೇಲಿರುವಂಥ ಗಾಜಿನ ಪದರ ಇಲ್ಲಿಲ್ಲ. ಸೀಸ ಬೆರೆಸಿದ ಗಾಜಿನ ಮೆರುಗು ಗ್ರೀಕ್ ಜಗತ್ತಿನಲ್ಲಿ ರೂಢಿಗೆ ಬಂದದ್ದೇ ಕ್ರಿ.ಪೂ. 1ನೇ ಶತಮಾನದ ಹೊತ್ತಿಗೆ. ಅದಕ್ಕೂ ನಾಲ್ಕೈದು ನೂರು ವರ್ಷ ಹಿಂದೆ ಅಥೆನ್ಸ್‌ನ ಕುಂಬಾರರು ಬಳಿಯುತ್ತಿದ್ದದ್ದು ಬರೀ ಮಣ್ಣಿನ ಬಗ್ಗಡವನ್ನು. ಅದನ್ನು ಅತಿ ನುಣುಪಾಗಿ ಸೋಸಿ, ತೆಳ್ಳಗೆ ಬಳಿದು, ಆವಿಗೆಯೊಳಗಿನ ಗಾಳಿಯನ್ನು ಮೂರು ಸಲ ಬದಲಿಸಿ ಸುಡುತ್ತಿದ್ದರು. ಕಪ್ಪು ಬಂದದ್ದು ಆ ಸುಡುವ ಕ್ರಮದಿಂದ.

ಇದು ಹೇಗೆ ಸಾಧ್ಯ ಎಂಬುದನ್ನು ಹಂತ ಹಂತವಾಗಿ ನೋಡಬೇಕು. ಉದಾಹರಣೆಗೆ ಕೈಲಿಕ್ಸ್ ಎಂಬ ಪಾನದ ಬಟ್ಟಲನ್ನು ಇಟ್ಟುಕೊಳ್ಳೋಣ: ಅಗಲವಾದ, ಆಳವಿಲ್ಲದ ಬೋಗುಣಿ, ಅದರ ಕೆಳಗೆ ಎತ್ತರದ ಕಾಲು, ಎರಡು ಬದಿಗೆ ಎರಡು ಹಿಡಿ. ಕುಂಬಾರಿಕೆಯ ಕಷ್ಟಗಳೆಲ್ಲ ಈ ಒಂದು ಆಕಾರದಲ್ಲಿ ಕೂಡಿವೆ.

ಮಣ್ಣು ಮತ್ತು ಬಗ್ಗಡ

ಅಥೆನ್ಸ್ ಸುತ್ತಲಿನ ಅಟ್ಟಿಕಾ ಪ್ರಾಂತದ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಸುಟ್ಟರೆ ಕೆಂಪಾಗುವುದು ಅದರಿಂದಲೇ. ಕುಂಬಾರರ ಕೇರಿ ಇದ್ದದ್ದು ಊರಿನ ವಾಯವ್ಯಕ್ಕೆ, ಎರಿಡಾನೋಸ್ ಹಳ್ಳದ ಬದಿಯಲ್ಲಿ. ಕೆರಮೈಕೋಸ್ ಎಂಬ ಆ ಜಾಗ ಈಗ ಉತ್ಖನನ ಮಾಡಿ ಕಾಯ್ದಿಟ್ಟ ತಾಣ.

ಅಗೆದು ತಂದ ಮಣ್ಣನ್ನು ತೊಟ್ಟಿಯಲ್ಲಿ ನೀರಿಗೆ ಹಾಕಿ ಕಲಕಬೇಕು. ಮರಳು, ಕಲ್ಲು, ಸುಣ್ಣದ ಹರಳು ತಳಕ್ಕೆ ಇಳಿಯುತ್ತವೆ, ಬೇರಿನ ಚೂರು ಮೇಲೆ ತೇಲುತ್ತದೆ. ನಡುವಿನ ಕೆಸರು ನೀರನ್ನು ಇನ್ನೊಂದು ತೊಟ್ಟಿಗೆ ಬಿಟ್ಟು ಮತ್ತೆ ತಂಗಲು ಬಿಡಬೇಕು. ಹೀಗೆ ಕೆಲವು ಸಲ ಮಾಡಿ, ತಂಗಿದ ಮಣ್ಣನ್ನು ಹದಕ್ಕೆ ಒಣಗಿಸಿ, ತುಳಿದು, ನಾದಿದರೆ ತಿಗರಿಗೆ ಏರಿಸುವ ಮಣ್ಣು ಸಿದ್ಧ. ಸುಣ್ಣದ ಹರಳನ್ನು ತೆಗೆಯದೆ ಬಿಟ್ಟರೆ ಸುಟ್ಟ ಮೇಲೆ ಕಾಟ ಕೊಡುತ್ತದೆ. ಅದು ಆವಿಗೆಯಲ್ಲಿ ಸುಟ್ಟ ಸುಣ್ಣವಾಗಿ, ಹೊರಗೆ ಬಂದ ಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಮೇಲಿನ ಮಣ್ಣನ್ನು ಚಕ್ಕೆಯಾಗಿ ಎಬ್ಬಿಸುತ್ತದೆ.

ಮೇಲೆ ಬಳಿಯುವ ಬಗ್ಗಡಕ್ಕೆ ಈ ಸೋಸುವಿಕೆ ಸಾಲದು. ಅದರಲ್ಲಿ ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ, ಸಣ್ಣ ಕಣಗಳು ಮಾತ್ರ ಉಳಿಯಬೇಕು. ಬರೀ ನೀರಿನಲ್ಲಿ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿ ತಳ ಸೇರುತ್ತವೆ. ಮರದ ಬೂದಿಯಿಂದ ಸಿಗುವಂಥ ಕ್ಷಾರವನ್ನು ನೀರಿಗೆ ಸೇರಿಸಿದರೆ ಕಣಗಳು ಪರಸ್ಪರ ದೂರ ಸರಿಯುತ್ತವೆ. ಆಗ ದೊಡ್ಡವು ಮಾತ್ರ ತಂಗಿ, ಅತಿ ಸಣ್ಣವು ನೀರಿನಲ್ಲೇ ತೂಗಾಡುತ್ತವೆ. ಆ ಮೇಲಿನ ನೀರನ್ನು ಅಲುಗಾಡಿಸದೆ ಬೇರೆ ತೆಗೆದು, ಕೆನೆಯಷ್ಟು ದಪ್ಪವಾಗುವವರೆಗೆ ಆರಿಸಿದರೆ ಬಳಿಯುವ ಬಗ್ಗಡ ಸಿಗುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಥಿಯೊಡೋರ್ ಶೂಮನ್ ಈ ದಾರಿಯಲ್ಲಿ ಕಪ್ಪು ಹೊಳಪನ್ನು ಮತ್ತೆ ಮಾಡಿ 1942ರಲ್ಲಿ ಪ್ರಕಟಿಸಿದರು. ಅಮೆರಿಕದ ಜೋಸೆಫ್ ವೀಚ್ ನೋಬಲ್ 1960ರ ದಶಕದಲ್ಲಿ ಕ್ಷಾರದ ಬದಲು ಸೋಡಿಯಂ ಫಾಸ್ಫೇಟ್ ಬಳಸಿ ಇದನ್ನೇ ಸಾಧಿಸಿದರು.

ಈ ಸಣ್ಣ ಕಣಗಳಲ್ಲಿ ಹೆಚ್ಚಿನವು ಇಲೈಟ್ ಎಂಬ ಖನಿಜದ ಚಪ್ಪಟೆ ಹಾಳೆಗಳು. ಬಳಿದು ಒಣಗುವಾಗ ಇವು ಮಡಕೆಯ ಮೈಗೆ ಸಮಾಂತರವಾಗಿ ಮಲಗುತ್ತವೆ, ಹೊಳಪು ಹುಟ್ಟುವುದು ಅಲ್ಲಿಂದ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಬಗ್ಗಡದಲ್ಲಿ ಕಬ್ಬಿಣ ಮತ್ತು ಪೊಟ್ಯಾಸಿಯಂ ಹೆಚ್ಚು, ಸುಣ್ಣ ಕಡಿಮೆ. ಮಡಕೆಯ ಮೈಮಣ್ಣಿನಲ್ಲಿ ಸುಣ್ಣ ಹೆಚ್ಚು. ಕಾವು ಏರಿದಾಗ ಪೊಟ್ಯಾಸಿಯಂ ಬಗ್ಗಡವನ್ನು ಬೇಗ ಮೆತ್ತಗಾಗಿಸಿ ಕಣಗಳನ್ನು ಬೆಸೆಯುತ್ತದೆ. ಸುಣ್ಣದಿಂದಾಗಿ ಮೈಮಣ್ಣು ಮಾತ್ರ ಅದೇ ಕಾವಿನಲ್ಲಿ ರಂಧ್ರಗಳನ್ನು ಉಳಿಸಿಕೊಂಡೇ ಇರುತ್ತದೆ. ಮುಂದೆ ಬರುವ ಇಡೀ ವಿದ್ಯೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ಬೆಂದ ಮೇಲೆ ಕಪ್ಪು ಪದರದ ದಪ್ಪ ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತಲೂ ತೆಳು.

ತಿಗರಿಯಿಂದ ಚಿತ್ರಕಾರನ ಕೈಗೆ

ಕೈಲಿಕ್ಸ್‌ನ ಬೋಗುಣಿ ಬೇರೆ, ಕಾಲು ಬೇರೆ. ಎರಡನ್ನೂ ತಿಗರಿಯ ಮೇಲೆ ಪ್ರತ್ಯೇಕವಾಗಿ ಎತ್ತುತ್ತಾರೆ. ಚರ್ಮದಷ್ಟು ಗಟ್ಟಿಯಾಗುವ ಹದಕ್ಕೆ ಒಣಗಿದಾಗ ಬೋಗುಣಿಯನ್ನು ತಿಗರಿಯ ಮೇಲೆ ಬೋರಲು ಇಟ್ಟು, ಹೊರಮೈಯನ್ನು ಹೆರೆದು ತೆಳುವಾಗಿಸುತ್ತಾರೆ. ಆಮೇಲೆ ಕಾಲನ್ನು ಕೆಸರಿನಿಂದ ಅಂಟಿಸಿ, ಕೈಯಲ್ಲಿ ಹೊಸೆದ ಮಣ್ಣಿನ ಸುರುಳಿಯನ್ನು ಬಗ್ಗಿಸಿ ಹಿಡಿಗಳಾಗಿ ಕೂಡಿಸುತ್ತಾರೆ. ಮೂರೂ ಭಾಗಗಳ ತೇವ ಒಂದೇ ಹದದಲ್ಲಿ ಇರಬೇಕು. ಒಣಗಿ ಬೇಯುವಷ್ಟರಲ್ಲಿ ಈ ಮಣ್ಣು ಅಳತೆಯಲ್ಲಿ ಹತ್ತನೇ ಒಂದರಷ್ಟು ಕುಗ್ಗುತ್ತದೆ. ಹಿಡಿ ಹಸಿಯಾಗಿ, ಬೋಗುಣಿ ಒಣಗಿ ಇದ್ದರೆ ಹಿಡಿ ಹೆಚ್ಚು ಕುಗ್ಗಿ ಬುಡದಲ್ಲಿ ಬಿರುಕು ಬಿಡುತ್ತದೆ. ಹಿಡಿ ಕೂರಿಸುವಾಗ ಒತ್ತಡ ಹೆಚ್ಚಾದರೆ ಬಾಯಿಯ ವೃತ್ತ ಅಂಡಾಕಾರಕ್ಕೆ ತಿರುಗುತ್ತದೆ. ಇಂಥ ಸೊಟ್ಟ ಬಟ್ಟಲುಗಳು ಹೆಸರಾಂತ ಸಂಗ್ರಹಗಳಲ್ಲೂ ಸಾಕಷ್ಟಿವೆ, ಮೇಲಿನಿಂದ ಬಗ್ಗಿ ನೋಡಿದರೆ ಗೊತ್ತಾಗುತ್ತದೆ.

ಬಗ್ಗಡ ಬಳಿಯುವ ಮೊದಲು ಮೈಯನ್ನು ಉಜ್ಜಿ ನಯ ಮಾಡಬೇಕು. ಕೆಂಪು ಇನ್ನೂ ಗಾಢವಾಗಲೆಂದು ಕೆಲವೊಮ್ಮೆ ಕೆಮ್ಮಣ್ಣಿನ ತೆಳುನೀರನ್ನೂ ಸವರುತ್ತಿದ್ದರು. ನಂತರದ್ದು ಚಿತ್ರಕಾರನ ಕೆಲಸ. ಅವನಿಗೆ ಎದುರಾಗುವ ತೊಡಕು ಏನೆಂದರೆ, ಹಸಿ ಬಗ್ಗಡವೂ ಕೆಂಗಂದು, ಹಸಿ ಮಡಕೆಯೂ ಅದೇ ಬಣ್ಣದ ಆಸುಪಾಸು. ಕಪ್ಪು-ಕೆಂಪಿನ ಅಂತರ ಹುಟ್ಟುವುದು ಆವಿಗೆಯಲ್ಲಿ. ಬರೆಯುವಾಗ ಅವನು ಅದನ್ನು ಊಹಿಸಿಕೊಂಡೇ ಬರೆಯಬೇಕು.

ಬರೆಯುವ ಕ್ರಮ ಎರಡು. ಹಳೆಯದು ಕಪ್ಪು ಆಕೃತಿಯ ಕ್ರಮ: ಕೊರಿಂತ್ ಊರಿನಲ್ಲಿ ಕ್ರಿ.ಪೂ. 7ನೇ ಶತಮಾನದಲ್ಲಿ ಬೆಳೆದು, ಆ ಶತಮಾನದ ಕೊನೆಯ ಹೊತ್ತಿಗೆ ಅಥೆನ್ಸ್‌ನಲ್ಲಿ ನೆಲೆಯೂರಿತು. ಇದರಲ್ಲಿ ಆಕೃತಿಯನ್ನು ಇಡಿಯಾಗಿ ಬಗ್ಗಡದಿಂದ ತುಂಬಿ, ಚೂಪಾದ ಮೊನೆಯಿಂದ ಗೀರಿ ಕಣ್ಣು, ಗಡ್ಡ, ಬಟ್ಟೆಯ ಮಡಿಕೆ ಬಿಡಿಸುತ್ತಾರೆ. ಗೀರಿದ ಕಡೆ ಕೆಳಗಿನ ಮಣ್ಣು ಕಾಣುತ್ತದೆ. ಹೆಂಗಸರ ಮೈಗೆ ಬಿಳಿ ಜೇಡಿ, ಬಟ್ಟೆಗೆ ಕಬ್ಬಿಣ ಬೆರೆತ ಕೆನ್ನೀಲಿ. ಗೀರು ತಪ್ಪಿದರೆ ಸರಿಪಡಿಸುವುದು ಕಷ್ಟ.

ಸುಮಾರು ಕ್ರಿ.ಪೂ. 525ರಲ್ಲಿ ಅಥೆನ್ಸ್‌ನವರು ಇದನ್ನು ತಿರುವು ಮುರುವು ಮಾಡಿದರು. ಆಕೃತಿಯನ್ನು ಮಣ್ಣಿನ ಬಣ್ಣದಲ್ಲೇ ಬಿಟ್ಟು ಸುತ್ತಲಿನ ಬಯಲನ್ನು ಕಪ್ಪು ಮಾಡಿದರು. ಇದು ಕೆಂಪು ಆಕೃತಿಯ ಕ್ರಮ. ಮೊದಲು ಇದ್ದಿಲಿನಿಂದಲೋ ಮೊಂಡು ಕಡ್ಡಿಯಿಂದಲೋ ನಕ್ಷೆ ಹಾಕುತ್ತಾರೆ. ಇದ್ದಿಲು ಉರಿಯಲ್ಲಿ ಹೋಗುತ್ತದೆ, ಕಡ್ಡಿಯ ಗೆರೆ ಮಾತ್ರ ತೆಳು ತಗ್ಗಾಗಿ ಉಳಿಯುತ್ತದೆ. ಬಟ್ಟಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಚಿತ್ರಕಾರ ಕೈಯನ್ನು ಮೊದಲು ಎಲ್ಲಿ ಬರೆದಿದ್ದ, ಆಮೇಲೆ ಎಲ್ಲಿಗೆ ಸರಿಸಿದ ಎಂಬುದು ಕಾಣುತ್ತದೆ. ಒಳವಿವರಗಳಿಗೆ ಮೂರು ಬಗೆಯ ಗೆರೆ. ದಪ್ಪ ಬಗ್ಗಡದಿಂದ ಎಳೆದದ್ದು ಮೈಯಿಂದ ಉಬ್ಬಿ ನಿಲ್ಲುತ್ತದೆ, ಬೆರಳು ಸವರಿದರೆ ತಗಲುತ್ತದೆ. ಮಾಮೂಲಿ ಗೆರೆ ಚಪ್ಪಟೆ. ನೀರು ಹೆಚ್ಚಿಸಿದ ಬಗ್ಗಡದ್ದು ಜೇನು ಕಂದು, ಸ್ನಾಯು ಮತ್ತು ಕೂದಲಿಗೆ. ಉಬ್ಬು ಗೆರೆ ಆರಂಭದಿಂದ ಕೊನೆಯವರೆಗೆ ಒಂದೇ ಅಗಲ, ಎಲ್ಲೂ ಕಡಿಯುವುದಿಲ್ಲ. ಕೊನೆಗೆ ಆಕೃತಿಯ ಅಂಚಿನ ಸುತ್ತ ಕೆಲವು ಮಿಲಿಮೀಟರ್ ಅಗಲದ ಪಟ್ಟಿ ಬಳಿದು, ಹೊರಗಿನ ಬಯಲನ್ನು ದೊಡ್ಡ ಕುಂಚದಿಂದ ತುಂಬುತ್ತಾರೆ. ಪಟ್ಟಿಯ ಮೇಲೆ ಬಯಲಿನ ಬಳಿತ ಹಾಯುವಲ್ಲಿ ಪದರ ಇಮ್ಮಡಿಯಾಗಿ ಏರು ಉಳಿಯುತ್ತದೆ. ಬರೆದವನ ಕೈಯ ಚಲನೆಯನ್ನು ಇಷ್ಟು ಸ್ಪಷ್ಟವಾಗಿ ಉಳಿಸಿಕೊಂಡ ಪ್ರಾಚೀನ ವಸ್ತುಗಳು ಕಡಿಮೆ. ಜಾನ್ ಬೀಜ್ಲಿ ಎಂಬ ವಿದ್ವಾಂಸರು ಸಹಿಯೇ ಇಲ್ಲದ ಸಾವಿರಾರು ಪಾತ್ರೆಗಳನ್ನು ಕಿವಿ, ಕಣಕಾಲು, ಕೊರಳೆಲುಬು ಬರೆದ ರೀತಿಯಿಂದಲೇ ಚಿತ್ರಕಾರರ ಪ್ರಕಾರ ವಿಂಗಡಿಸಿದ್ದು ಈ ಕಾರಣಕ್ಕೆ ಸಾಧ್ಯವಾಯಿತು.

ಮೂರು ಉರಿ

ಆವಿಗೆ ಕೆಳಗಿನಿಂದ ಮೇಲಕ್ಕೆ ಉರಿ ಹಾಯುವಂಥದ್ದು. ಕೆಳಗೆ ಬೆಂಕಿಯ ಕುಳಿ, ಅದಕ್ಕೆ ಸೌದೆ ತುಂಬುವ ಸುರಂಗದಂಥ ಬಾಯಿ. ಕುಳಿಯ ಮೇಲೆ ತೂತುಗಳಿರುವ ನೆಲ, ಅದನ್ನು ಹೊರಲು ನಡುವೆ ಕಂಬ. ನೆಲದ ಮೇಲೆ ಪಾತ್ರೆ ಪೇರಿಸುವ ಗುಮ್ಮಟದ ಕೋಣೆ, ನೆತ್ತಿಯಲ್ಲಿ ಹೊಗೆಗಂಡಿ, ಬದಿಯಲ್ಲಿ ಒಳಗೆ ಇಣುಕುವ ಕಿಂಡಿ. ಕೊರಿಂತ್ ಬಳಿಯ ಪೆಂಟೆಸ್ಕೂಫಿಯಾದಲ್ಲಿ 1879ರಲ್ಲಿ ಸಿಕ್ಕ ಕ್ರಿ.ಪೂ. 6ನೇ ಶತಮಾನದ ಮಣ್ಣಿನ ಹಲಗೆಗಳ ಮೇಲೆ ಇದನ್ನೆಲ್ಲ ಬರೆದಿದ್ದಾರೆ. ಕುಂಬಾರ ಕೊಕ್ಕೆ ಹಿಡಿದು ಆವಿಗೆ ಹತ್ತುವುದು, ಬಾಯಿಗೆ ಸೌದೆ ಒಡ್ಡುವುದು, ನೆತ್ತಿಯಿಂದ ಜ್ವಾಲೆ ಏಳುವುದು ಎಲ್ಲ ಅಲ್ಲಿ ಕಾಣಸಿಗುತ್ತದೆ.

ಗಾಜಿನ ಗ್ಲೇಜ್ ಇಲ್ಲದ್ದರಿಂದ ಪಾತ್ರೆಗಳನ್ನು ಒಂದರೊಳಗೊಂದು, ಒಂದರ ಮೇಲೊಂದು ಪೇರಿಸಬಹುದು, ಅಂಟಿಕೊಳ್ಳುವ ಭಯ ಕಡಿಮೆ.

ಮೊದಲ ಉರಿಯಲ್ಲಿ ಗಂಡಿಗಳೆಲ್ಲ ತೆರೆದಿರುತ್ತವೆ. ಗಾಳಿ ಧಾರಾಳ. ಮಣ್ಣಿನ ನೀರು ಹೋಗುವವರೆಗೆ ಕಾವು ನಿಧಾನವಾಗಿ ಏರಬೇಕು, ಅವಸರ ಮಾಡಿದರೆ ಒಳಗಿನ ಆವಿ ಪಾತ್ರೆಯನ್ನು ಸಿಡಿಸುತ್ತದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಮೈಮಣ್ಣು, ಬಗ್ಗಡ ಎರಡರಲ್ಲೂ ಕಬ್ಬಿಣ ಆಮ್ಲಜನಕ ತುಂಬಿಕೊಂಡು ಹೆಮಟೈಟ್ ಆಗಿರುತ್ತದೆ. ಆಗ ಇಡೀ ಪಾತ್ರೆ ಕೆಂಪು.

ಎರಡನೇ ಉರಿಗೆ ನೆತ್ತಿಯ ಗಂಡಿ ಮುಚ್ಚಿ, ಬೆಂಕಿಗೆ ಹಸಿ ಸೌದೆ ಹಾಕುತ್ತಾರೆ. ಗಾಳಿ ಸಾಲದೆ ಬೆಂಕಿ ಉಸಿರುಗಟ್ಟುತ್ತದೆ, ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಆಮ್ಲಜನಕಕ್ಕೆ ಹಸಿದ ಈ ಅನಿಲ ಮಣ್ಣಿನ ಹೆಮಟೈಟ್‌ನಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಉಳಿಯುವುದು ಮ್ಯಾಗ್ನಟೈಟ್, ಹರ್ಸಿನೈಟ್ ಮುಂತಾದ ಕಪ್ಪು ಸಂಯುಕ್ತಗಳು. ಈಗ ಇಡೀ ಪಾತ್ರೆ ಕಪ್ಪು-ಬೂದು. ಇದೇ ಹಂತದಲ್ಲಿ ಕಾವು 900–950 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬಗ್ಗಡದ ಕಣಗಳು ಬೆಸೆದುಕೊಂಡು ರಂಧ್ರವಿಲ್ಲದ ಪದರವಾಗುತ್ತವೆ, ಕಪ್ಪು ಕಬ್ಬಿಣ ಅದರೊಳಗೆ ಬಂಧಿಯಾಗುತ್ತದೆ. ಮೈಮಣ್ಣು ಇನ್ನೂ ರಂಧ್ರಮಯ.

ಮೂರನೇ ಉರಿಗೆ ಗಂಡಿ ಮತ್ತೆ ತೆರೆಯುತ್ತಾರೆ. ಹೊಸ ಗಾಳಿ ಒಳಗೆ ನುಗ್ಗಿ ಮೈಮಣ್ಣಿನ ರಂಧ್ರಗಳಿಗೆ ಇಳಿಯುತ್ತದೆ, ಅಲ್ಲಿನ ಕಬ್ಬಿಣ ಮತ್ತೆ ಹೆಮಟೈಟ್ ಆಗಿ ಕೆಂಪಾಗುತ್ತದೆ. ಬೆಸೆದು ಮುಚ್ಚಿದ ಬಗ್ಗಡದೊಳಕ್ಕೆ ಗಾಳಿಗೆ ದಾರಿಯಿಲ್ಲ, ಅದು ಕಪ್ಪಾಗಿಯೇ ಉಳಿಯುತ್ತದೆ. ಒಂದೇ ಊರಿನ ಮಣ್ಣಿನಿಂದ, ಯಾವ ಬಣ್ಣವನ್ನೂ ಬೆರೆಸದೆ, ಎರಡು ಬಣ್ಣ ಸಿಗುವುದು ಹೀಗೆ.

ಇದನ್ನು ಥರ್ಮಾಮೀಟರ್ ಇಲ್ಲದೆ ಮಾಡುತ್ತಿದ್ದರು. ಕಿಂಡಿಯಿಂದ ಕಾಣುವ ಉರಿಯ ಬಣ್ಣ ಒಂದು ಗುರುತು. ಇನ್ನೊಂದು ಪರೀಕ್ಷಾ ಚೂರು: ಮುರಿದ ಪಾತ್ರೆಯ ತುಂಡಿಗೆ ತೂತು ಕೊರೆದು, ಬಗ್ಗಡ ಬಳಿದು, ಕಿಂಡಿಯ ಹತ್ತಿರ ಇಟ್ಟಿರುತ್ತಾರೆ. ಕಬ್ಬಿಣದ ಸಲಾಕೆಯಿಂದ ಒಂದೊಂದನ್ನೇ ಹೊರಗೆಳೆದು, ಬಗ್ಗಡ ಬೆಸೆದಿದೆಯೇ ಎಂದು ನೋಡಿ ಮುಂದಿನ ಹಂತಕ್ಕೆ ಹೋಗುತ್ತಾರೆ. ಅಂಥ ಚೂರುಗಳು ಅಥೆನ್ಸ್‌ನ ಉತ್ಖನನಗಳಲ್ಲಿ ಸಿಕ್ಕಿವೆ. ಎಲ್ಲ ಪಾತ್ರೆಗಳೂ ಒಂದೇ ಸುಡುವಿಕೆಯಲ್ಲಿ ಮುಗಿಯುತ್ತಿದ್ದವೇ, ಕೆಲವನ್ನು ಮತ್ತೆ ಬಳಿದು ಮತ್ತೆ ಸುಡುತ್ತಿದ್ದರೇ ಎಂಬುದರ ಬಗ್ಗೆ ಈಗ ಎಕ್ಸ್‌-ರೇ ಆಧಾರಿತ ಪರೀಕ್ಷೆಗಳಿಂದ ಚರ್ಚೆ ಮತ್ತೆ ಶುರುವಾಗಿದೆ. ಮೂರು ಗಾಳಿಯ ತತ್ವದ ಬಗ್ಗೆ ಮಾತ್ರ ತಕರಾರಿಲ್ಲ.

ಕೆಟ್ಟದ್ದು ಏನು ಹೇಳುತ್ತದೆ

ಕೆಟ್ಟ ಪಾತ್ರೆಗಳಿಂದ ಕಲಿಯುವುದು ಹೆಚ್ಚು, ಯಾಕೆಂದರೆ ಪ್ರತಿ ದೋಷವೂ ಒಂದು ಹಂತದ ಕಡೆಗೆ ಬೆರಳು ತೋರಿಸುತ್ತದೆ. ಸಾದಾ ಕಪ್ಪು ಬೋಗುಣಿಗಳ ಒಳತಳದಲ್ಲಿ ಆಗಾಗ ಇಟ್ಟಿಗೆ ಕೆಂಪಿನ ದುಂಡನೆ ಮಚ್ಚೆ ಇರುತ್ತದೆ. ಅದರ ಅಳತೆ ಸರಿಯಾಗಿ ಇನ್ನೊಂದು ಬೋಗುಣಿಯ ಕಾಲಿನಷ್ಟು. ಮೇಲೆ ಪೇರಿಸಿದ ಬೋಗುಣಿಯ ಕಾಲು ಅಷ್ಟು ಜಾಗವನ್ನು ಮುಚ್ಚಿದ್ದರಿಂದ ಎರಡನೇ ಉರಿಯ ಅನಿಲ ಅಲ್ಲಿಗೆ ತಲುಪಲಿಲ್ಲ, ಬಗ್ಗಡ ಕೆಂಪಿನಲ್ಲೇ ಬೆಸೆದುಕೊಂಡಿತು. ಪಕ್ಕದ ಪಾತ್ರೆಗೆ ತಗಲಿ ನಿಂತಿದ್ದರೆ ಹೊಟ್ಟೆಯ ಮೇಲೂ ಇಂಥ ಮಚ್ಚೆ.

ಕುಂಚದ ಬಳಿತ ಗೆರೆ ಗೆರೆಯಾಗಿ ಕಂದಾಗಿ ಕಂಡರೆ ಬಗ್ಗಡ ತೆಳುವಾಗಿತ್ತು ಎಂದರ್ಥ. ಪದರ ಸಾಕಷ್ಟು ಮುಚ್ಚಿಕೊಳ್ಳದೆ ಮೂರನೇ ಉರಿಯ ಗಾಳಿ ಒಳಹೊಕ್ಕಿದೆ. ಬಗ್ಗಡ ತೀರಾ ದಪ್ಪವಾಗಿದ್ದರೆ ಒಣಗುವಾಗಲೇ ಬಿರಿದು ಚಕ್ಕೆ ಏಳುತ್ತದೆ. ಮೈಮಣ್ಣು ಬೂದಾಗಿಯೇ ಉಳಿದಿದ್ದರೆ ಮೂರನೇ ಉರಿ ಸಾಲದಾಗಿದೆ, ಇಲ್ಲವೇ ಗಂಡಿ ತೆರೆಯುವಷ್ಟರಲ್ಲಿ ಕಾವು ಇಳಿದುಹೋಗಿದೆ. ಎರಡನೇ ಉರಿಯಲ್ಲಿ ಕಾವು ಸಾಲದೆ ಬಗ್ಗಡ ಬೆಸೆಯದಿದ್ದರೆ ಮೂರನೆಯದರಲ್ಲಿ ಪಾತ್ರೆ ಪೂರಾ ಮತ್ತೆ ಕೆಂಪಾಗುತ್ತದೆ, ಮಾಡಿದ ಚಿತ್ರವೆಲ್ಲ ಮಾಸುತ್ತದೆ. ಹೆಚ್ಚಾದರೂ ನಷ್ಟವೇ: ಗಾಳಿಯಿರುವಾಗ ಕಾವು 1050 ಡಿಗ್ರಿಯ ಹತ್ತಿರ ಹೋದರೆ ಬೆಸೆದ ಕಪ್ಪೂ ಕೆಂಪಿಗೆ ತಿರುಗುತ್ತದೆ. ಕುಂಬಾರನಿಗೆ ಸಿಗುವ ಅವಕಾಶ ಈ ಎರಡರ ನಡುವಿನದು ಮಾತ್ರ.

ಕೆಂಪು ಹೊಳಪನ್ನು ಬೇಕೆಂದೇ ತಂದವರೂ ಇದ್ದರು. ಮ್ಯೂನಿಕ್‌ನಲ್ಲಿರುವ ಎಕ್ಸೀಕಿಯಾಸ್ ಎಂಬ ಕುಂಬಾರನ ಸಹಿಯ ಕೈಲಿಕ್ಸ್ (ಸುಮಾರು ಕ್ರಿ.ಪೂ. 530, ಅಡ್ಡಳತೆ 30.5 ಸೆಂ.ಮೀ.) ಒಳಗೆಲ್ಲ ಹವಳ ಕೆಂಪು. ಅದರ ನಡುವೆ ಹಡಗಿನಲ್ಲಿ ಒರಗಿದ ಮದ್ಯದೇವತೆ ಡಯೊನೈಸಸ್, ಪಟಸ್ತಂಭಕ್ಕೆ ಹಬ್ಬಿದ ದ್ರಾಕ್ಷಿ ಬಳ್ಳಿ, ಸುತ್ತ ಡಾಲ್ಫಿನ್‌ಗಳು. ಈ ಕೆಂಪಿಗೆ ಬೇರೆ ಹದದ ಬಗ್ಗಡ ಬೇಕು, ಮೂರನೇ ಉರಿಯಲ್ಲಿ ಗಾಳಿಯನ್ನು ಒಳಗೆ ಬಿಟ್ಟುಕೊಂಡೂ ಹೊಳಪು ಕಳೆದುಕೊಳ್ಳದಂಥದ್ದು. ಕರಿ ಬಗ್ಗಡದ ಪಕ್ಕದಲ್ಲೇ ಅದನ್ನು ಒಂದೇ ಬಟ್ಟಲಿನಲ್ಲಿ ಗೆಲ್ಲಿಸುವುದು ಈ ವಿದ್ಯೆಯಲ್ಲೇ ಅತಿ ಕಠಿಣ ಕೆಲಸ. ಹಾಗಾಗಿಯೇ ಇಂಥ ಬಟ್ಟಲುಗಳು ವಿರಳ.

ಒರಗಿ ಕುಡಿಯುವವರ ಕೈಗೆ

ಬಟ್ಟಲಿನ ಆಕಾರ ಅರ್ಥವಾಗಬೇಕಾದರೆ ಅದನ್ನು ಹಿಡಿದವರ ಭಂಗಿ ಗೊತ್ತಿರಬೇಕು. ಗ್ರೀಕ್ ಮನೆಯ ಗಂಡಸರ ಕೋಣೆ ಆಂಡ್ರೋನ್. ಏಳು ಮಂಚದ ಕೋಣೆಯಾದರೆ ಬದಿಗೆ ಸುಮಾರು 4.5ರಿಂದ 5 ಮೀಟರ್. ಮಂಚಗಳು ಗೋಡೆಗುಂಟ, ಒಂದರ ತಲೆಗೆ ಇನ್ನೊಂದರ ಕಾಲು ತಾಗುವಂತೆ ಇರುತ್ತವೆ. ಹಾಗೆ ಕೂರಿಸಲೆಂದೇ ಬಾಗಿಲನ್ನು ಗೋಡೆಯ ನಟ್ಟನಡುವೆ ಇಡದೆ ಪಕ್ಕಕ್ಕೆ ಸರಿಸುತ್ತಿದ್ದರು. ಉತ್ಖನನದಲ್ಲಿ ಆಂಡ್ರೋನ್ ಗುರುತಿಸಲು ಈ ಸರಿದ ಬಾಗಿಲೇ ಸಾಕ್ಷಿ. ಅತಿಥಿಗಳು ಎಡ ಮೊಣಕೈ ಊರಿ ಒರಗುತ್ತಾರೆ, ಬಲಗೈ ಬಿಡುವಾಗಿರುತ್ತದೆ. ಮೊದಲು ಊಟ. ಅದು ಮುಗಿದು ಮೇಜು ತೆಗೆದ ಮೇಲೆ ಪಾನಗೋಷ್ಠಿ, ಅದೇ ಸಿಂಪೋಸಿಯಂ.

ಒರಗಿದವನಿಗೆ ಆಳದ ಲೋಟವನ್ನು ಬಾಯಿಗೆ ಬಗ್ಗಿಸಲು ತಲೆ ಹಿಂದಕ್ಕೆ ಚೆಲ್ಲಬೇಕಾಗುತ್ತದೆ. ಅಗಲವಾದ ಚಪ್ಪಟೆ ಬಟ್ಟಲಾದರೆ ಸ್ವಲ್ಪ ವಾಲಿಸಿದರೆ ಸಾಕು. ಎತ್ತರದ ಕಾಲನ್ನು ಬೆರಳುಗಳ ನಡುವೆ ಹಿಡಿಯಬಹುದು, ಅಡ್ಡ ಚಾಚಿದ ಹಿಡಿಗಳಿಂದ ಪಕ್ಕದವನಿಗೆ ದಾಟಿಸಬಹುದು. ಬಟ್ಟಲಿನ ಒಳತಳದ ದುಂಡು ಚಿತ್ರ ಮದ್ಯ ತುಂಬಿರುವಾಗ ಮಸುಕು, ಕುಡಿಯುತ್ತ ಹೋದಂತೆ ಬಯಲಾಗುತ್ತದೆ. ಹೊರಮೈಯಲ್ಲಿ ಎರಡು ದೊಡ್ಡ ಕಣ್ಣು ಬರೆದ ಬಟ್ಟಲನ್ನು ಎತ್ತಿ ಕುಡಿದರೆ ಎದುರಿನವರಿಗೆ ಅದು ಮುಖವಾಡ: ಹಿಡಿಗಳು ಕಿವಿ, ಕಾಲಿನ ಬುಡ ತೆರೆದ ಬಾಯಿ. ಮೇಲೆ ಹೇಳಿದ ಎಕ್ಸೀಕಿಯಾಸ್‌ನ ಬಟ್ಟಲು ಈ ಜಾತಿಯದು. ಮುಂದೆ ಕೆಂಪು ಆಕೃತಿಯ ಕಾಲದಲ್ಲಿ ಬಾಯಿಯಿಂದ ಕಾಲಿನವರೆಗೆ ಎಲ್ಲೂ ಮುರಿಯದೆ ಒಂದೇ ಬಾಗಿನಲ್ಲಿ ಇಳಿಯುವ ಆಕಾರ ರೂಢಿಯಾಯಿತು. ಕೈಲಿಕ್ಸ್‌ಗಳಲ್ಲಿ ಅದೇ ಅತ್ಯಂತ ಸುಂದರ.

ಕೊಟ್ಟಬೋಸ್ ಎಂಬ ಆಟಕ್ಕೂ ಈ ಆಕಾರ ಬೇಕಿತ್ತು. ಹಿಡಿಯೊಳಗೆ ತೋರುಬೆರಳು ತೂರಿಸಿ, ತಳದಲ್ಲಿ ಉಳಿದ ಗಸಿಯನ್ನು ಮಣಿಕಟ್ಟಿನ ಒಂದೇ ಚಿಮ್ಮಿಗೆ ಎಸೆದು, ಕಂಬದ ಮೇಲಿಟ್ಟ ಸಣ್ಣ ತಟ್ಟೆಯನ್ನು ಬೀಳಿಸಬೇಕು.

ಗ್ರೀಕರು ಮದ್ಯಕ್ಕೆ ನೀರು ಬೆರೆಸಿಯೇ ಕುಡಿಯುತ್ತಿದ್ದರು, ಬೆರೆಸದೆ ಕುಡಿಯುವುದು ಅನಾಗರಿಕರ ಲಕ್ಷಣ ಎಂದು ಅವರ ಎಣಿಕೆ. ಬೆರೆಸುವ ಹಂಡೆಯೇ ಕ್ರೇಟರ್, ಕೋಣೆಯ ನಡುವೆ ಅದರ ಜಾಗ. ಮೂರು ಪಾಲು ನೀರಿಗೆ ಒಂದು ಪಾಲು ಮದ್ಯ, ಐದಕ್ಕೆ ಎರಡು, ಎರಡಕ್ಕೆ ಒಂದು ಇವು ಗ್ರಂಥಗಳಲ್ಲಿ ಬರುವ ಪ್ರಮಾಣಗಳು. ಲೆಕ್ಕ ಹಾಕೋಣ: 12 ಲೀಟರ್ ಹಿಡಿಸುವ ಕ್ರೇಟರಿಗೆ 3 ಲೀಟರ್ ಮದ್ಯ, 9 ಲೀಟರ್ ನೀರು. ಮದ್ಯದ ಅಮಲು ಶೇ 14 ಎಂದಿಟ್ಟುಕೊಂಡರೆ ಬೆರಕೆಯದು ಶೇ 3.5. ಏಳು ಮಂಚಕ್ಕೆ ಇಬ್ಬರಂತೆ ಹದಿನಾಲ್ಕು ಜನರಿಗೆ ಹಂಚಿದರೆ ತಲಾ 850 ಮಿಲಿಲೀಟರ್ ಚಿಲ್ಲರೆ. ಕ್ರಿ.ಪೂ. 4ನೇ ಶತಮಾನದ ಹಾಸ್ಯ ನಾಟಕಕಾರ ಯೂಬುಲಸ್‌ನ ನಾಟಕವೊಂದರಲ್ಲಿ ಡಯೊನೈಸಸ್ ವಿವೇಕಿಗಳಿಗೆ ಮೂರು ಕ್ರೇಟರ್ ಮಾತ್ರ ಬೆರೆಸುತ್ತಾನೆ, ನಾಲ್ಕನೆಯದರಿಂದ ಉದ್ಧಟತನ ಶುರು. ಮೇಲಿನ ಲೆಕ್ಕ ನೋಡಿದರೆ ಆ ಮಿತಿ ಅನುಭವದ್ದೇ ಎನಿಸುತ್ತದೆ.

ದೊಡ್ಡ ಕ್ರೇಟರ್‌ಗಳು ಇದಕ್ಕಿಂತ ಬಹಳ ಹಿಡಿಸುತ್ತವೆ. ಯೂಫ್ರೋನಿಯೋಸ್ ಚಿತ್ರ ಬರೆದು, ಯೂಕ್ಸಿಥಿಯೋಸ್ ಮಡಕೆ ಮಾಡಿದ, ಸಾರ್ಪೆಡಾನ್ ಎಂಬ ವೀರನ ಶವ ಹೊರುವ ದೃಶ್ಯವಿರುವ ಕ್ರೇಟರ್ (ಸುಮಾರು ಕ್ರಿ.ಪೂ. 515) 45 ಲೀಟರ್ ಹಿಡಿಸುತ್ತದೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 1972ರಲ್ಲಿ ಹತ್ತು ಲಕ್ಷ ಡಾಲರಿಗೆ ಕೊಂಡ ಅದು, ಇಟಲಿಯ ಗೋರಿಯಿಂದ ಕದ್ದು ಸಾಗಿಸಿದ್ದೆಂದು ಸಾಬೀತಾಗಿ 2008ರಲ್ಲಿ ಇಟಲಿಗೆ ಮರಳಿತು.

ಉಳಿದ ಪಾತ್ರೆಗಳು ಕ್ರೇಟರಿನ ಪರಿವಾರ. ನೀರು ತರಲು ಹೈಡ್ರಿಯಾ, ಅದಕ್ಕೆ ಮೂರು ಹಿಡಿ: ಎತ್ತಲು ಬದಿಗೆ ಎರಡು, ಬಗ್ಗಿಸಲು ಹಿಂದೆ ಒಂದು. ಬಟ್ಟಲಿಗೆ ಬಡಿಸಲು ಓಯ್ನೊಕೊಯಿ ಎಂಬ ಹೂಜಿ, ಅದರ ಬಾಯಿಯನ್ನು ಮೂರೆಲೆಯಂತೆ ಚಿವುಟಿರುವುದರಿಂದ ಧಾರೆ ನೇರ ಬೀಳುತ್ತದೆ. ಅಳತೆಗೆ ಖೂಸ್, ಸುಮಾರು 3.2 ಲೀಟರ್. ಎಲ್ಲಕ್ಕಿಂತ ಜಾಣ ಪಾತ್ರೆ ಸೈಕ್ಟರ್: ಅಣಬೆಯಂತೆ ಉಬ್ಬಿದ ಹೊಟ್ಟೆ, ಕೆಳಗೆ ಎತ್ತರದ ಟೊಳ್ಳು ಕಾಲು. ಮದ್ಯ ತುಂಬಿದ ಇದನ್ನು ತಣ್ಣೀರಿನ ಅಥವಾ ಹಿಮದ ಕ್ರೇಟರಿನಲ್ಲಿ ಇಳಿಬಿಟ್ಟರೆ ಉಬ್ಬಿದ ಹೊಟ್ಟೆಯ ಸುತ್ತ ತಂಪು ತಾಗುತ್ತದೆ, ಕಾಲು ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಹೆಚ್ಚುಕಡಿಮೆ ಐವತ್ತು ವರ್ಷ ಮಾತ್ರ, ಕ್ರಿ.ಪೂ. 520ರಿಂದ 470ರವರೆಗೆ, ಇದನ್ನು ಮಾಡಿದರು.

ಊಟದ ಮೇಜಿನ ಪಾತ್ರೆಗಳಲ್ಲಿ ಚಿತ್ರ ಕಡಿಮೆ, ಸಾದಾ ಕರಿ ಹೊಳಪೇ ಹೆಚ್ಚು. ಕೈಬೆರಳಿನಿಂದ, ರೊಟ್ಟಿಯಿಂದ ತಿನ್ನುವವರಿಗೆ ದೊಡ್ಡ ತಟ್ಟೆಗಿಂತ ಸಣ್ಣ ಬೋಗುಣಿಗಳೇ ಬೇಕು: ಉಪ್ಪಿಗೆ ಅಂಗೈಯಲ್ಲಿ ಮುಚ್ಚುವಷ್ಟು ಸಣ್ಣದು, ನಂಚಿಕೊಳ್ಳುವುದಕ್ಕೆ ಒಂದೇ ಹಿಡಿಯದು. ಮೀನಿಗೆ ಪ್ರತ್ಯೇಕ ತಟ್ಟೆ, ಅಂಚು ಕೆಳಕ್ಕೆ ಬಾಗಿ, ನಡುವೆ ಸಾರಿನ ಗುಳಿ. ಕ್ರಿ.ಪೂ. 4ನೇ ಶತಮಾನದಲ್ಲಿ ಇವುಗಳ ಮೇಲೆ ಮೀನು, ಬೊಂಡಾಸುಗಳನ್ನು ಬರೆದರು. ಅಥೆನ್ಸ್‌ನ ತಟ್ಟೆಯಲ್ಲಿ ಮೀನಿನ ಹೊಟ್ಟೆ ಅಂಚಿನ ಕಡೆಗೆ, ದಕ್ಷಿಣ ಇಟಲಿಯದರಲ್ಲಿ ನಡುವಿನ ಗುಳಿಯ ಕಡೆಗೆ. ಒಲೆಯ ಮೇಲಿಡುವ ಪಾತ್ರೆಗಳಿಗೆ ಈ ಬಗ್ಗಡ ಬಳಿಯುತ್ತಿರಲಿಲ್ಲ, ಅವಕ್ಕೆ ಕಾವಿನ ಏರಿಳಿತ ತಾಳುವ ಒರಟು ಮಣ್ಣೇ ಬೇರೆ.

ಅಥೆನ್ಸ್‌ನ ಅಗೋರಾ ಚೌಕದ ಒಂದು ಗುಂಡಿಯಲ್ಲಿ ಕ್ರಿ.ಪೂ. 5ನೇ ಶತಮಾನದ ಇಂಥ ಸಾದಾ ಪಾತ್ರೆಗಳ ರಾಶಿಯೇ ಸಿಕ್ಕಿತು. ಹಲವುಗಳ ಮೇಲೆ ಗ್ರೀಕರ ಡೆಲ್ಟಾ ಮತ್ತು ಎಪ್ಸಿಲಾನ್ ಅಕ್ಷರ ಕೂಡಿಸಿ ಗೀರಿದ್ದಾರೆ, ‘ಸಾರ್ವಜನಿಕರದು’ ಎಂಬುದರ ಸಂಕ್ಷೇಪ. ಅಧಿಕಾರಿಗಳು ಸರ್ಕಾರಿ ಖರ್ಚಿನಲ್ಲಿ ಉಣ್ಣುತ್ತಿದ್ದ ಜಾಗದ ಪಾತ್ರೆ ಮನೆಗೆ ಹೋಗದಿರಲೆಂದು ಹಾಕಿದ ಗುರುತು.

ಚಿತ್ರದ ಪಾತ್ರೆ ಸಿರಿವಂತರ ಸ್ವತ್ತು ಎಂಬ ಭಾವನೆಯನ್ನೂ ಸ್ವಲ್ಪ ಸಡಿಲಿಸಬೇಕು. ಕೆಲವು ಪಾತ್ರೆಗಳ ಅಡಿಯಲ್ಲಿ ವ್ಯಾಪಾರಿಗಳು ಗೀರಿದ ಬೆಲೆಗಳಿವೆ. ಚಿತ್ರವಿರುವ ದೊಡ್ಡ ಹೈಡ್ರಿಯಾಗೆ 12ರಿಂದ 18 ಓಬೋಲ್, ಅಂದರೆ 2–3 ದ್ರಾಕ್ಮಾ. ಕ್ರಿ.ಪೂ. 5ನೇ ಶತಮಾನದ ಕೊನೆಗೆ ನುರಿತ ಕೆಲಸಗಾರನ ದಿನಗೂಲಿ ಒಂದು ದ್ರಾಕ್ಮಾ. ಇಡಿಯಾಗಿ ಉಳಿದ ಪಾತ್ರೆಗಳಲ್ಲಿ ಬಹುಪಾಲು ಸಿಕ್ಕಿದ್ದು ಇಟಲಿಯ ಎಟ್ರುಸ್ಕರು ಎಂಬ ಪ್ರಾಚೀನ ಜನರ ಗೋರಿಗಳಲ್ಲಿ, ವುಲ್ಚಿ, ಚೆರ್ವೆತೆರಿ, ಕ್ಯೂಸಿ ಊರುಗಳ ಸುತ್ತ. ಹಾಗಾಗಿ 18ನೇ ಶತಮಾನದಲ್ಲಿ ಇವನ್ನು ಎಟ್ರುಸ್ಕರೇ ಮಾಡಿದ್ದೆಂದು ಬಗೆದಿದ್ದರು. ಇಂಗ್ಲೆಂಡಿನ ಕುಂಬಾರ ಜೋಸೈಯ ವೆಜ್‌ವುಡ್ 1769ರಲ್ಲಿ ತೆರೆದ ಪಿಂಗಾಣಿ ಕಾರ್ಖಾನೆಗೆ ಎಟ್ರೂರಿಯಾ ಎಂದು ಹೆಸರಿಟ್ಟದ್ದು ಆ ನಂಬಿಕೆಯಿಂದ.

ಭಾರತದ ಮಣ್ಣಿನಲ್ಲಿ

ಈ ವಿದ್ಯೆಯ ಎಳೆ ನಮ್ಮ ಕಡೆಗೂ ಬರುತ್ತದೆ. ಅಥೆನ್ಸ್‌ನ ಕರಿ ಪಾತ್ರೆಗಳ ಒಳತಳದಲ್ಲಿ ಕ್ರಿ.ಪೂ. 4ನೇ ಶತಮಾನದಿಂದ ಸಣ್ಣ ಕಚ್ಚುಗಳ ಉಂಗುರ ಸಾಲು ಕಾಣುತ್ತದೆ, ರೌಲೆಟಿಂಗ್ ಎಂದು ಅದಕ್ಕೆ ಹೆಸರು. ತಿಗರಿ ತಿರುಗುವಾಗ ಮೊನೆಯೊಂದನ್ನು ತಾಗಿಸಿ ಕುಣಿಸಿದರೆ ಬರುವಂಥ ಗುರುತು. 1945ರಲ್ಲಿ ಪುದುಚೇರಿಯ ಬಳಿ ಅರಿಕಮೇಡು ಅಗೆದ ಪುರಾತತ್ವಜ್ಞ ಮಾರ್ಟಿಮರ್ ವೀಲರ್‌ಗೆ ಇಂಥದೇ ಉಂಗುರಗಳ ನುಣುಪು ಬೂದು-ಕಪ್ಪು ತಟ್ಟೆಗಳು ಸಿಕ್ಕವು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದಾಗಲೂ ಅವೇ ಚೂರುಗಳು ಬಂದವು. ವೀಲರ್ ಅವನ್ನು ಮೆಡಿಟರೇನಿಯನ್ ನಂಟಿನವು ಎಂದೆಣಿಸಿ, ಬ್ರಹ್ಮಗಿರಿಯ ಪದರಗಳ ಕಾಲ ಕಟ್ಟಲು ಬಳಸಿದರು. ಮುಂದೆ ಮಣ್ಣಿನ ಖನಿಜ ಪರೀಕ್ಷೆಗಳು ಈ ತಟ್ಟೆಗಳು ಭಾರತದಲ್ಲೇ ತಯಾರಾದವು ಎಂದು ತೋರಿಸಿದವು. ಅಲಂಕಾರದ ರೀತಿ ಹೊರಗಿನಿಂದ ಬಂದಿತ್ತೇ ಎಂಬ ಚರ್ಚೆ ಮಾತ್ರ ಉಳಿದಿದೆ. ಅರಿಕಮೇಡಿನಲ್ಲಿ ನಿಜಕ್ಕೂ ಸಮುದ್ರ ದಾಟಿ ಬಂದದ್ದು ಇಟಲಿಯ ಅರೆಜ್ಜೊ ಶೈಲಿಯ ಕೆಂಪು ಹೊಳಪಿನ ಪಾತ್ರೆ. ಅದೂ ಸೋಸಿದ ಬಗ್ಗಡದ್ದೇ, ಆದರೆ ರೋಮನ್ನರು ಎರಡನೇ ಉರಿಯನ್ನೇ ಬಿಟ್ಟು, ಮೊದಲಿಂದ ಕೊನೆಯವರೆಗೆ ಗಾಳಿ ಕೊಟ್ಟು ಸುಟ್ಟಿದ್ದರಿಂದ ಹೊಳಪು ಕೆಂಪಾಗಿಯೇ ಉಳಿಯಿತು.

ಉತ್ತರ ಭಾರತದ ಮಿರುಗುವ ಕರಿ ಪಾತ್ರೆಗಳನ್ನು ಪುರಾತತ್ವಜ್ಞ ಜಾನ್ ಮಾರ್ಷಲ್ ತಕ್ಷಶಿಲೆಯಲ್ಲಿ ಕಂಡಾಗ ‘ಗ್ರೀಕ್ ಕರಿ ಪಾತ್ರೆ’ ಎಂದೇ ಕರೆದಿದ್ದರು. ಅವು ಗಂಗಾ ಬಯಲಿನವು, ಅಲೆಕ್ಸಾಂಡರ್ ಬರುವ ಮೊದಲೇ ಇದ್ದವು ಎಂದು ಆಮೇಲೆ ತಿಳಿದು ಹೆಸರು ಬದಲಾಯಿತು.

ಬ್ರಹ್ಮಗಿರಿ, ಮಸ್ಕಿಗಳ ಬೃಹತ್ ಶಿಲಾಗೋರಿಗಳಲ್ಲಿ ಸಿಗುವ ಕಪ್ಪು-ಕೆಂಪು ಪಾತ್ರೆಗಳನ್ನು ಅಥೆನ್ಸ್‌ನವುಗಳ ಜೊತೆ ಗೊಂದಲ ಮಾಡಿಕೊಳ್ಳಬಾರದು. ಅಲ್ಲಿ ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು. ಪಾತ್ರೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ಸಿಗದ ಕಡೆ ಮಣ್ಣಿನಲ್ಲಿ ಇದ್ದಿಲಿನ ಅಂಶ ಕೂತು ಬಂದ ಕಪ್ಪು ಅದು ಎಂಬುದು ಸಾಮಾನ್ಯ ವಿವರಣೆ. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸರಳ. ಚೂರನ್ನು ಗಾಳಿಯಾಡುವ ಕುಲುಮೆಯಲ್ಲಿ ಮತ್ತೆ ಸುಟ್ಟರೆ ಇಂಗಾಲದ ಕಪ್ಪು ಕೆಂಪು ಕೆಂಡದ ಕಾವಿನಲ್ಲೇ ಉರಿದುಹೋಗಿ ಪಾತ್ರೆ ಪೂರಾ ಕೆಂಪಾಗುತ್ತದೆ. ಅಥೆನ್ಸ್‌ನ ಕಪ್ಪು ಆ ಕಾವಿಗೆ ಜಗ್ಗುವುದಿಲ್ಲ, ಅದರ ಕಬ್ಬಿಣ ಬಣ್ಣ ಬಿಡಬೇಕಾದರೆ ಬೆಸೆದ ಪದರವೇ ಮತ್ತೆ ಮೆತ್ತಗಾಗುವಷ್ಟು ಕಾವು ಬೇಕು.